ಹನ್ನೊಂದು ವರ್ಷದ ದುಭಾಷಿಯ ಪರವಾಗಿ

ಜಿಲ್ಲೆಯ ಮಕ್ಕಳ ರಕ್ಷಣಾ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಕಚೇರಿ ಒಬ್ಬ ತಾಯಿಯಿಂದ ಮಗನನ್ನು ಕಿತ್ತುಕೊಂಡಿದೆ. ಅದಕ್ಕೆ ಬೇಕಾದ ಮಾತನ್ನು ಅವಳ ಮಗಳ ಬಾಯಿಂದಲೇ ಆಡಿಸಿದೆ. ಮೊದಲು ನಿಮಗೆ ಖಾಸಗಿಯಾಗಿಯೇ ಬರೆದಿದ್ದೆ. "ತಮ್ಮ ಕಾಳಜಿಗೆ ಧನ್ಯವಾದಗಳು" ಎಂಬ ಉತ್ತರ ಬಂತು. ಧನ್ಯವಾದ ಹೇಳಿಸಿಕೊಂಡು ಸುಮ್ಮನಾಗುವ ವಯಸ್ಸು ನನಗೆ ದಾಟಿದೆ. ಆದ್ದರಿಂದ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಲೆಟಿಸ್ ಸೊಪ್ಪು ಬೆಳೆಯುವ ಈ ಕಣಿವೆಯಲ್ಲಿ, ಮೆಕ್ಸಿಕೋದಿಂದ ಕೂಲಿಗೆ ಬಂದವರ ಮಕ್ಕಳಿಗೂ ಅವರ ಮನೆಯವರಿಗೂ ಮನೋಚಿಕಿತ್ಸೆ ಮಾಡುವವಳು. ಇಲ್ಲಿನ ಮಗು ಸ್ಪ್ಯಾನಿಷಿನಲ್ಲಿ ಶುರುಮಾಡಿದ ಮಾತನ್ನು ಇಂಗ್ಲಿಷಿನಲ್ಲಿ ಮುಗಿಸುತ್ತದೆ; ಭಯವನ್ನು ಅಮ್ಮನ ಭಾಷೆಯಲ್ಲಿ, ಸಿಟ್ಟನ್ನು ಶಾಲೆಯ ಭಾಷೆಯಲ್ಲಿ ಹೇಳುತ್ತದೆ. ಎರಡನ್ನೂ ಕೇಳಿಸಿಕೊಳ್ಳುವುದೇ ನನ್ನ ಕಸುಬು. ಕಳೆದ ಬೇಸಿಗೆಯವರೆಗೆ ನಿಮ್ಮ ಅಧಿಕಾರಿಗಳು ಇಂಥ ಮನೆಯವರನ್ನು ಕರೆಸಿ ಮಾತಾಡುವಾಗ ನಾನೂ ಜೊತೆಯಲ್ಲಿ ಕೂರುತ್ತಿದ್ದೆ. ಆಮೇಲೆ ನಿಮ್ಮ ಆದೇಶ ಹೊರಟಿತು: ಚಿಕಿತ್ಸೆ ಮಾಡುವವರೇ ದುಭಾಷಿಯಾದರೆ ನಿಷ್ಪಕ್ಷಪಾತಕ್ಕೆ ಧಕ್ಕೆ, ಇನ್ನು ಫೋನಿನ ದುಭಾಷಿಯೇ ಸಾಕು, ಅವರು ಸಿಗದಿದ್ದರೆ "ಎರಡೂ ಭಾಷೆ ಬಲ್ಲ ಕುಟುಂಬದ ಸದಸ್ಯರು". ಲೆಟಿಸ್ ಕೊಯ್ಯುವವರ ಮನೆಯಲ್ಲಿ ಎರಡೂ ಭಾಷೆ ಬಲ್ಲ ಸದಸ್ಯರು ಯಾರೆಂದು ನಿಮಗೆ ನಿಜಕ್ಕೂ ಗೊತ್ತಿರಲಿಲ್ಲವೇ? ಆ ಸದಸ್ಯರಿಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರುವುದಿಲ್ಲ.

ಅಂಥ ಒಬ್ಬ ಹನ್ನೊಂದು ವರ್ಷದ ಸದಸ್ಯೆಯನ್ನು ಯಾತ್ಸಿರಿ ಎಂದು ಕರೆಯೋಣ. ತಾಯಿ ಎದೆಲ್ಮಿರಾ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ, ಹೆಸರುಗಳನ್ನು ಬದಲಿಸಿದ್ದೇನೆ. ತಂದೆಯನ್ನು ಮೆಕ್ಸಿಕೋಗೆ ಗಡೀಪಾರು ಮಾಡಿದ ಮೇಲೆ ಯಾತ್ಸಿರಿಯ ತಮ್ಮ, ಐದು ವರ್ಷದ ನೊಯೆಲ್, ಮಾತು ಬಿಟ್ಟ. ನನ್ನ ಕೋಣೆಯ ನೆಲದ ಮೇಲೆ ಆಟಿಕೆ ಟ್ರಾಕ್ಟರ್ ಉರುಳಿಸುತ್ತ ತಿಂಗಳುಗಟ್ಟಲೆ ಕೂತವನು ಒಂದು ಮಧ್ಯಾಹ್ನ ಸ್ಪ್ಯಾನಿಷಿನಲ್ಲಿ "ಇನ್ನೊಂದ್ಸಲ" ಎಂದ. ಅವನ ತಾಯಿ ಗೋಡೆಗೆ ಮುಖಮಾಡಿ ಅತ್ತಳು. ನಾನೂ ಅತ್ತೆ. ನಿಷ್ಪಕ್ಷಪಾತಕ್ಕೆ ಧಕ್ಕೆಯಾಗಿದ್ದರೆ ಕ್ಷಮಿಸಿ.

ಹೊಲದ ಮೇಸ್ತ್ರಿ ರಜೆ ಕೊಡದೆ ಎದೆಲ್ಮಿರಾ ಕೆಲವು ಸಲ ಮಗುವನ್ನು ಚಿಕಿತ್ಸೆಗೆ ಕರೆತರಲಾಗಲಿಲ್ಲ. ಶಾಲೆ ದೂರು ಕೊಟ್ಟಿತು, ನೀವು ಕರೆಸಿದಿರಿ. ಫೋನಿನ ದುಭಾಷಿ ಸಿಗಲಿಲ್ಲ, ಬರೀ ಸಂಗೀತ ಕೇಳಿಸುತ್ತಿತ್ತಂತೆ. "ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲಿ ಸೇವೆ" ಎಂಬ ಫಲಕದ ಕೆಳಗೆ ಕೂತಿದ್ದ ನಿಮ್ಮ ಅಧಿಕಾರಿಣಿ ಹುಡುಗಿಯತ್ತ ತಿರುಗಿ, "ನಿಂಗೆ ಎರಡೂ ಬರುತ್ತಲ್ವಾ ಪುಟ್ಟಿ? ಸ್ವಲ್ಪ ಅಮ್ಮಂಗೆ ಹೇಳ್ಬಿಡು," ಎಂದರು. ಹೇಳಬೇಕಿದ್ದದ್ದು ಇಷ್ಟು: ತಾಯಿ ಊರು ಬಿಟ್ಟು ಹೋದರೆ, ಇಲ್ಲವೇ ಇನ್ನೊಂದು ಸಲ ಚಿಕಿತ್ಸೆ ತಪ್ಪಿಸಿದರೆ, ನೊಯೆಲನನ್ನು ಬೇರೆಯವರ ಮನೆಗೆ ಸೇರಿಸಲಾಗುವುದು.

ಯಾತ್ಸಿರಿ ಹೇಳಿದಳು: "ನೀನು ಚೆನ್ನಾಗಿ ನೋಡ್ಕೋತಿದ್ದೀಯಂತೆ ಅಮ್ಮ. ಆದಷ್ಟೂ ತಪ್ಪಿಸ್ಬೇಡ ಅಂತಾರೆ, ಅಷ್ಟೇ."

"ಅಷ್ಟುದ್ದ ಮಾತಾಡಿದ್ರು, ನೀನು ಇಷ್ಟೇ ಇಷ್ಟು ಹೇಳ್ತೀಯಲ್ಲೇ?"

"ಇಂಗ್ಲಿಷೇ ಹಂಗಮ್ಮ. ಉದ್ದ."

ತಾಯಿ ನಕ್ಕಳು, ಎದ್ದು ನಿಂತು ಕೈಕುಲುಕಿದಳು. ನಿಮ್ಮ ವರದಿಯಲ್ಲಿ ಅದು ಹೀಗಿದೆ: "ಎಚ್ಚರಿಕೆಯನ್ನು ತಾಯಿ ನಗುತ್ತ ಸ್ವೀಕರಿಸಿದರು. ಗಾಂಭೀರ್ಯದ ಕೊರತೆ." ನನಗಂತೂ ಯಾರೂ ಏನನ್ನೂ ತಿಳಿಸಲಿಲ್ಲ.

ನವೆಂಬರಿನಲ್ಲಿ ಲೆಟಿಸ್ ಕೊಯ್ಲು ಚಳಿಗಾಲದಲ್ಲೂ ಬೆಚ್ಚಗಿರುವ ಯೂಮಾದ ಕಡೆ ಹೋಗುತ್ತದೆ, ಕೊಯ್ಲಿನ ಹಿಂದೆ ಕೊಯ್ಯುವವರು ಹೋಗುತ್ತಾರೆ. ಎದೆಲ್ಮಿರಾ ಮಕ್ಕಳಿಬ್ಬರನ್ನೂ ಚೆಲಾಳ ಮನೆಯಲ್ಲಿ ಬಿಟ್ಟು ಹೋದಳು. ನೊಯೆಲನ ದೀಕ್ಷಾಸ್ನಾನದ ದಿನ ಅವನನ್ನು ಎತ್ತಿ ಹಿಡಿದು, ಅಂದಿನಿಂದ ಅವನಿಗೆ ಎರಡನೆಯ ತಾಯಿಯಾದವಳು ಈ ಚೆಲಾ. ನನ್ನ ತಾಯಿಯೂ ಚಳಿಗಾಲಗಳಲ್ಲಿ ನನ್ನನ್ನು ಹೀಗೆಯೇ ಬಿಟ್ಟು ಹೋಗುತ್ತಿದ್ದಳು. ನಮ್ಮಲ್ಲಿ ಅದನ್ನು ಮಗುವನ್ನು ಒಳ್ಳೆಯ ಕೈಗೆ ಕೊಡುವುದು ಎನ್ನುತ್ತೇವೆ. ನೀವು ಪರಿತ್ಯಾಗ ಎನ್ನುತ್ತೀರಿ. ಚೆಲಾಗೆ ಕಾರು ಓಡಿಸಲು ಬರುವುದಿಲ್ಲ. ಚಿಕಿತ್ಸೆ ಒಂದು ಸಲ ತಪ್ಪಿತು. ನಿಮ್ಮವರಿಗೆ ಅಷ್ಟು ಸಾಕಾಯಿತು.

ನೊಯೆಲ್ ಅಡುಗೆಮನೆಯಲ್ಲಿ ಬೀನ್ಸ್ ತಿನ್ನುತ್ತಿದ್ದಾಗ ಅವನನ್ನು ಒಯ್ಯಲು ಬಂದರು. ಚೆಲಾ ಬಾಗಿಲಿಗೆ ಅಡ್ಡ ನಿಂತು, "ಅವರಮ್ಮ ದುಡಿಯೋಕ್ ಹೋಗವ್ಳೆ ಕಣಪ್ಪಾ, ಸತ್ತೋಗಿಲ್ಲ! ನಾನಿಲ್ವಾ ಇಲ್ಲಿ?" ಎಂದು ಕೂಗಿದಳು. ಈ ಸಲ ಯಾತ್ಸಿರಿ ಒಂದು ಮಾತನ್ನೂ ಬಿಡದೆ ಇಂಗ್ಲಿಷಿಗೆ ತಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ನೊಯೆಲ್ ಈಗ ಸ್ಪ್ಯಾನಿಷಿನ ಗಂಧಗಾಳಿಯಿಲ್ಲದ ಒಂದು ಮನೆಯಲ್ಲಿದ್ದಾನೆ. "ಮಗು ಶಾಂತವಾಗಿದೆ, ಯಾವ ತೊಂದರೆಯನ್ನೂ ಕೊಡುತ್ತಿಲ್ಲ" ಎಂದು ನಿಮ್ಮ ಕಚೇರಿ ಸಂತೋಷದಿಂದ ತಿಳಿಸಿದೆ. ಮಾನ್ಯರೇ, ಆ ಮಗು ಮತ್ತೆ ಮಾತು ಬಿಟ್ಟಿದೆ. ಅದನ್ನು ನೀವು ಶಾಂತಿ ಎಂದು ಬರೆದುಕೊಂಡಿದ್ದೀರಿ.

ಎದೆಲ್ಮಿರಾ ಯೂಮಾದಿಂದ ಓಡಿಬಂದಳು. ಮಗಳು ಅವಳೊಡನೆ ಇಂಗ್ಲಿಷಿನಲ್ಲಿ ಮಾತ್ರ ಮಾತಾಡುತ್ತಾಳೆ; ತಾಯಿಗೆ ಅರ್ಥವಾಗುವುದಿಲ್ಲ. ಯಾಕಮ್ಮ ಹೀಗೆ ಎಂದು ಹುಡುಗಿಯನ್ನು ನನ್ನ ಕೋಣೆಯಲ್ಲಿ ಕೇಳಿದೆ.

"ಒಂದೇ ಭಾಷೆ ಬಂದ್ರೆ ಯಾರೂ ನಂಗೆ ಅಮ್ಮಂಗೆ ಹೇಳು ಅನ್ನಲ್ಲ," ಎಂದಳು. ಆಮೇಲೆ, "ನೀವಾಗಿದ್ರೆ ಅವರಂದಿದ್ದನ್ನೆಲ್ಲ ಹೇಳ್ತಿದ್ರಾ ಮೇಡಂ, ನಿಮ್ಮಮ್ಮಂಗೆ?" ಎಂದು ಕೇಳಿದಳು. ಇಲ್ಲ ಎಂದೆ. ಅದು ನಿಜವೇ. ಆದರೆ ನನ್ನ ಮಾತನ್ನು ಅವಳು ನಂಬುವುದಿಲ್ಲ. ಸಮಾಧಾನಪಡಿಸುವುದೇ ನನ್ನ ಉದ್ಯೋಗವೆಂದು ಅವಳಿಗೆ ಗೊತ್ತು.

ಆ ಆದೇಶವನ್ನು ಹಿಂದೆಗೆದುಕೊಳ್ಳಿ. ನೊಯೆಲನನ್ನು ತಾಯಿಗೆ ಒಪ್ಪಿಸಿ. ನ್ಯಾಯಾಲಯಕ್ಕೆ ಸಮಯ ಬೇಕೆಂದಾದರೆ ಅಲ್ಲಿಯವರೆಗೆ ಚೆಲಾಳ ಮನೆಗಾದರೂ ಕಳಿಸಿ. ಅದಕ್ಕೂ ಮೊದಲು ನೀವೇ, ಬೇರೆ ಯಾರನ್ನೂ ಕಳಿಸದೆ, ಒಂದು ದಿನ ಬಂದು ಯಾತ್ಸಿರಿಯ ಎದುರು ಕೂತು, "ತಪ್ಪು ನಿನ್ನದಲ್ಲ, ನಮ್ಮದು" ಎಂದು ಹೇಳಿ. ಅದಕ್ಕೆ ದುಭಾಷಿ ಬೇಕಾಗಿಲ್ಲ. ಅವಳಿಗೆ ನಿಮ್ಮ ಭಾಷೆ ಚೆನ್ನಾಗಿ ಬರುತ್ತದೆ.

ಇಂತಿ,
ಸೋಮವಾರ ಮತ್ತೆ ಆ ಹುಡುಗಿಯ ಎದುರು ಕೂರಬೇಕಾಗಿರುವ
ರೆಮೆಡಿಯೋಸ್ ಬಾಯೆನ