ಆತ್ರೇಯನಿಗೊಂದು ಶಾಸನ

೪ ಫೆಬ್ರವರಿ ೨೦೦೧, ಭಾನುವಾರ
ಬ್ಯಾಕ್‌ಸ್ಪೇಸ್ ಸತ್ತಿತು. ಡಿಲೀಟ್ ಕೂಡ. ಒತ್ತಿದರೆ 'ಟುಂಯ್' ಎನ್ನುತ್ತದೆ, ಅಷ್ಟೇ. ವಿಷುಯಲ್ ಬೇಸಿಕ್‌ನಲ್ಲಿ ನಾನೇ ಬರೆದ ಟೈಪಿಂಗ್ ಪ್ರೋಗ್ರಾಂ, ಎರಡು ಭಾನುವಾರದ ಕೆಲಸ. ಟೈಪಿಸಿದ್ದು ಟೈಪಿಸಿದ್ದೇ, ಅಳಿಸುವಂತಿಲ್ಲ. ಹೆಸರು 'ಶಾಸನ'.
ಗಿರಾಕಿ ಒಬ್ಬನೇ — ಗೆಳೆಯ ಆತ್ರೇಯ. ಬಸವನಗುಡಿಯ ಹಳೆಯ ಬಾವಿಗಳ ಮೇಲೆ ಆರು ವರ್ಷದಿಂದ ಪಿಎಚ್.ಡಿ. ಬೆಳಿಗ್ಗೆ ಒಂದು ವಾಕ್ಯ ಟೈಪಿಸುತ್ತಾನೆ, ಸಂಜೆ ಅಳಿಸುತ್ತಾನೆ. ಬಾವಿಯಿಂದ ಮೇಲೇಳದ ಭಾವೀ ಡಾಕ್ಟರ್! ಕಾಲೇಜಿನಲ್ಲಿ ಫಸ್ಟ್ ರ‍್ಯಾಂಕ್ ಅವನದು. ಸೆಕೆಂಡ್ ನನ್ನದು.
ಪ್ರೋಗ್ರಾಂ ಪರೀಕ್ಷಿಸಲೆಂದು ಈ ದಿನಚರಿ ಇದರಲ್ಲೇ ಬರೆಯುತ್ತಿದ್ದೇನೆ.

೧೧ ಫೆಬ್ರವರಿ
ತಂಗಿ ಅಕ್ಷಯಾ ಹೂ ಕಟ್ಟುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಅಣ್ಣ, ಆತ್ರೇಯಂಗೆ ಹೇಳ್ತೀಯಾ? ಥೀಸಿಸ್ ಮುಗಿಸ್ಲಿ ಬಿಡ್ಲಿ, ಬಂದು ಅಪ್ಪನ್ನ ಕೇಳ್ಲಿ. ನಾನು ಹೂಂ ಅಂತೀನಿ."
ಗಾಂಧಿ ಬಜಾರಿನಲ್ಲಿ ಆತ್ರೇಯ ಸಿಕ್ಕ. ಬೈಟೂ ಕಾಫಿ. "ಅಕ್ಷಯಾ ಹೇಗಿದಾಳೆ?" — ಲೋಟವನ್ನೇ ನೋಡುತ್ತಾ.
"ದಪ್ಪ ಆಗಿದಾಳೆ."
ಬೇರೇನೂ ಹೇಳಲಿಲ್ಲ. ಒದ್ದಾಡಲಿ... ಮಜಾ.

೧೮ ಫೆಬ್ರವರಿ
ಮತ್ತೆ ಕೇಳಿದಳು.
"ಅವನಿಗೆ ಮದ್ವೆ ಯೋಚ್ನೆನೇ ಇಲ್ವಂತೆ ಕಣೆ" ಎಂದುಬಿಟ್ಟೆ. ಮೊಗ್ಗು ಅವಳ ಕೈಯಲ್ಲೇ ಉಳಿಯಿತು. ಆಮೇಲೆ ನಕ್ಕಳು.
ಅವನನ್ನು ನಾನು ಕೇಳಿಯೇ ಇಲ್ಲ. ಈ ಸಾಲು ಇಲ್ಲಿ ಬೇಡವಿತ್ತು — ಟುಂಯ್.

೨೨ ಏಪ್ರಿಲ್
ಅಕ್ಷಯಾಗೆ ಗಂಡು ಗೊತ್ತಾಯಿತು. ಮಲ್ಲೇಶ್ವರದವರು, ಬ್ಯಾಂಕ್ ಆಫೀಸರ್. ಆತ್ರೇಯನಿಗೆ ಹೇಳಿದೆ. "ಒಳ್ಳೇದಾಯ್ತು ಮಗಾ" ಎಂದ. ಕಾಫಿ ಅರ್ಧಕ್ಕೇ ಬಿಟ್ಟ.
ಸಮಾಧಾನಕರ ಬಹುಮಾನ — 'ಶಾಸನ'ದ ಫೋಲ್ಡರನ್ನು ಹಾಗೇ ಫ್ಲಾಪಿಗೆ ಹಾಕಿ ಒಯ್ದಿದ್ದೆ, ಕೈಗಿಟ್ಟೆ. "ಇನ್ಮೇಲೆ ಅಳಿಸೋ ಹಂಗಿಲ್ಲ ಗುರು. ಅಳೋ ಹಂಗೂ ಇಲ್ಲ."
ನನ್ನ ಜೋಕಿಗೆ ನಾನೊಬ್ಬನೇ ನಕ್ಕೆ.

೧೦ ಜೂನ್, ಬೆಳಿಗ್ಗೆ ೬
ಒಂಬತ್ತೂವರೆಗೆ ಧಾರೆ. ಅಮ್ಮ ಆರತಿ ತಟ್ಟೆ ಮರೆತಿದ್ದಳು. ಒಯ್ಯಲು ಛತ್ರದಿಂದ ಮನೆಗೆ ಬಂದೆ.
ನಿನ್ನೆ ಸಂಜೆ ರಿಸೆಪ್ಷನ್ನಿಗೆ ಆತ್ರೇಯ ಬಂದಿದ್ದ. ಎಲ್ಲರ ಕವರುಗಳನ್ನೂ ನಾನೇ ಇಸಿದುಕೊಳ್ಳುತ್ತಿದ್ದೆ. ಅವನು ತನ್ನದನ್ನು ಅಕ್ಷಯಾ ಕೈಗೇ ಕೊಟ್ಟ. ದಪ್ಪ ಕವರು. ಸ್ಟೇಜ್ ಇಳಿಯುವಾಗ ನನ್ನ ಕಿವಿಯಲ್ಲಿ: "ನಿನ್ ಫ್ಲಾಪೀಲಿ ಒಂದು ಡೈರಿನೂ ಇತ್ತು ಕಣೋ. ಪ್ರಿಂಟ್ ಹಾಕಿಸ್ದೆ. ಒಂದಕ್ಷರಾನೂ ಅಳಿಸಿಲ್ಲ."
ರಾತ್ರಿ ಕವರು ಎಗರಿಸಲು ನೋಡಿದೆ. ದಿಂಬಿನಡಿ ಇಟ್ಟುಕೊಂಡು ಮಲಗಿದ್ದಳು.

೬-೨೦
ಫೋನ್. ಅಮ್ಮ. "ವಂಶೀ, ಇನ್ನೂ ಮನೇಲೇ ಇದೀಯೇನೋ? ಅಕ್ಷಯಾ ಸೀರೆನೂ ಉಡದೆ ಯಾವ್ದೋ ಪೇಪರ್ ಹಿಡ್ಕೊಂಡು ಕೂತಿದಾಳೆ. ಯಾರ್ ಮಾತಾಡ್ಸಿದ್ರೂ 'ಅಣ್ಣ ಬರ್ಲಿ' ಅಂತಾಳೆ, ಅಷ್ಟೇ. ಬೇಗ ಬಂದ್ಬಿಡು!"
ಛತ್ರಕ್ಕೆ ಐದು ನಿಮಿಷದ ನಡಿಗೆ. ಹೋಗಿ ಏನು ಹೇಳಲಿ? ಇಲ್ಲೇ ಬರೆದು ನೋಡುತ್ತೇನೆ.
ಅಕ್ಷಯಾ, ನಾನು ತಮಾಷೆಗೆ
ಅಕ್ಷಯಾ, ನಿನ್ನ ಒಳ್ಳೆಯದಕ್ಕೇ
ಅಕ್ಷಯಾ, ಅವನು
ಅಕ್ಷಯಾ,