ಬುಟ್ಟಿಯಲ್ಲಿ ಹೋದ ಬೀದಿ

ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೆರೆ ಬಂದು ಕರೆಂಟು ಹೋದಾಗ ಇಡೀ ಬೀದಿಯ ಫೋನುಗಳನ್ನು ಬುಟ್ಟಿಗೆ ತುಂಬಿಕೊಂಡು, ಚಾರ್ಜಿಗೆಂದು ಗುಡ್ಡದ ಶಾಲೆಗೆ ಒಯ್ದವಳು ನಾನೇ. "ನಂದೂ ತಗೊಂಡ್ಹೋಗೆ, ನಾನೆಲ್ಲಿಗೆ ಓಡಿಹೋಗ್ತೀನಿ?" ಎಂದು ಉಬ್ಬಸದಲ್ಲೂ ನಿನ್ನ ಭಾವ ನಕ್ಕಿದ್ದರು.

ಫೋನು ಹೋದಲ್ಲಿಗೆ ಜನರೂ ಹೋಗಿದ್ದಾರೆಂದು, ಫೋನುಗಳಿರುವ ಜಾಗ ತೋರಿಸುವ ನಿಮ್ಮ ಆರೋಗ್ಯ ಇಲಾಖೆಯ ನಕ್ಷೆ ನಂಬಿತು. ಬೀದಿಗೆ ಬೀದಿಯೇ ಗುಡ್ಡ ಹತ್ತಿದೆಯೆಂದು ನೀನೂ ನಿಶ್ಚಿಂತನಾದೆ. ಡಾಕ್ಟರು, ಆಕ್ಸಿಜನ್ ಎಲ್ಲ ಶಾಲೆಗೇ ಬಂದವು. ಅಲ್ಲಿದ್ದವಳು ಬುಟ್ಟಿ ಕಾಯುತ್ತಿದ್ದ ನಾನೊಬ್ಬಳೇ. ಡಾಕ್ಟರನ್ನು ಕರೆದುಕೊಂಡು ಮನೆ ಸೇರುವಷ್ಟರಲ್ಲಿ ಭಾವ ಹೋಗಿಬಿಟ್ಟಿದ್ದರು.

ಇನ್ನು ಮುಂದೆ ನಕ್ಷೆ ನೋಡಿದ ಮೇಲೆ ಯಾವುದಾದರೂ ಒಂದು ನಂಬರಿಗೆ ಫೋನ್ ಮಾಡಿ ಕೇಳಪ್ಪ. ಅವತ್ತು ಯಾರಿಗೆ ಮಾಡಿದ್ದರೂ ನಾನೇ ಎತ್ತುತ್ತಿದ್ದೆ.

ಇಂತಿ,
ನಿನ್ನ ಅಕ್ಕ