ಕಟ್ಟು ಬಿಗಿದವನು ನಾನು

ಚಿರಂಜೀವಿ ವಿಶಾಲನಿಗೆ,

ನಿನ್ನ ವಾರ್ಡಿನ ಬಾಗಿಲವರೆಗೆ ಎರಡು ಸಲ ಬಂದು ವಾಪಸಾದೆ. ಎದುರು ನಿಂತು ಹೇಳುವ ಧೈರ್ಯ ನಿನ್ನ ಮಾಮನಿಗಿಲ್ಲ. ಅದಕ್ಕೇ ಗೋಕಾಕದ ಈ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಮೇಲವಂಕಿಯಲ್ಲಿ ಲೈನ್‌ಮನ್ ಕೆಲಸ ಮಾಡುವಾಗ ಲೈಟಿನ ಕಂಬದಿಂದ ಬಿದ್ದ ನಿನ್ನನ್ನು ಗೆಳೆಯರು ನೇರ ಇಲ್ಲಿಗೇ ತರುತ್ತಿದ್ದರು. ನಮ್ಮೂರು ದಡ್ಡಿಗೆ ಕರೆತನ್ನಿ ಎಂದು ಫೋನಿನಲ್ಲಿ ಹಟ ಹಿಡಿದವನು ನಾನು. ಮೂವತ್ತು ವರ್ಷ ಊರವರ ಮುರಿದ ಕೈಕಾಲಿಗೆ ಕಟ್ಟು ಕಟ್ಟಿದವನು ಸ್ವಂತ ಅಕ್ಕನ ಮಗನನ್ನು ಡಾಕ್ಟರಿಗೆ ಬಿಟ್ಟುಕೊಟ್ಟರೆ ಹುಕ್ಕೇರಿ ಸಂತೆಯಲ್ಲಿ ಹೇಗೆ ಮುಖ ತೋರಿಸಲಿ ಎಂಬ ಸೊಕ್ಕು. ನನಗೆ ಗೊತ್ತಿದ್ದದ್ದು ಎರಡೇ ಬಗೆ: ಉಳುಕಿದ್ದು, ಮುರಿದದ್ದು. ನಿನ್ನದು ಮುರಿದದ್ದೆಂದು ಕಾಲಿಗೆ ಬಿದಿರಿನ ದಬ್ಬೆ ಇಟ್ಟು ಬಿಗಿದೆ.

ಮೂರನೆಯ ದಿನ ನೀನು, "ಮಾಮಾ, ಬೆರಳು ಜೋಮು ಹಿಡದಾವು, ಸ್ವಲ್ಪ ಸಡ್ಲ ಮಾಡ್ರಿ" ಅಂದೆ. "ಸುಮ್ನ ಮಕ್ಕೊ, ಎಲಬು ಕೂಡಾಕತ್ತೈತಿ" ಎಂದು ಗದರಿಸಿದೆ. ಒಂಬತ್ತನೆಯ ದಿನ ವಾಸನೆ ಬಂದ ಮೇಲೆ ಬಿಚ್ಚಿ ನೋಡಿ ನಿನ್ನನ್ನು ಇಲ್ಲಿಗೆ ತಂದೆ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಕಾಲಿನ ದೊಡ್ಡ ಎಲುಬು ಪಾದದ ಕೀಲಿನ ಮೇಲೆ ಕೂರುವ ಜಾಗದಲ್ಲಿ ಒಡೆದರೆ ಮೂರು ತರಹವಂತೆ. ಬರೀ ಬಿರುಕು ಬಿಟ್ಟದ್ದು, ಕೀಲಿನ ಮುಖವೇ ಸರಿದದ್ದು, ಪುಡಿಯಾದದ್ದು. "ಇದು ಮೂರನೇದ್ರಿ. ಆದ್ರೂ ಮೊದ್ಲ ದಿನಾನ ಬಂದಿದ್ರ ಹೊರಗಿಂದ ರಾಡ್ ಹಾಕಿ, ಬಾವು ಇಳದು ಚರ್ಮ ಸುಕ್ಕು ಬೀಳೂತನಕ ಕಾದು ಪ್ಲೇಟ್ ಕೂಡಸ್ತಿದ್ವಿ. ಈಗ ರಕ್ತ ಹರೀದ ಚರ್ಮ, ಮಾಂಸ ಎಲ್ಲಾ ಸತ್ತೈತಿ" ಅಂದರು. ಯಾಕೆ ತಡ ಮಾಡಿದಿರಿ ಎಂದು ಕೇಳಿದಾಗ ನೀನು ನನ್ನ ಕಡೆ ನೋಡಲೂ ಇಲ್ಲ. "ಮಾಮಾ ಅವತ್ತ ದವಾಖಾನಿಗೆ ನಡಿ ಅಂದಿದ್ರು. ನಾನ ಒಲ್ಲೆ ಅಂದೇನ್ರಿ" ಅಂದುಬಿಟ್ಟೆ. ಮೂಡಲಗಿಯಿಂದ ಓಡಿ ಬಂದಿದ್ದ ನಿಮ್ಮವ್ವ ಸುಂದ್ರವ್ವ ಅಳುತ್ತ ನಿನ್ನನ್ನು ಬೈದಳು. ಅವಳ ಜೊತೆ ನಿಂತು ನಾನೂ ಬೈದೆ.

ನಾಳೆ ನಿನ್ನ ಕಾಲನ್ನು ಮೊಣಕಾಲ ಕೆಳಗೆ ತೆಗೆಯುತ್ತಾರೆ. ಇನ್ನು ನೀನು ಕಂಬ ಹತ್ತುವುದಿಲ್ಲ. ಈ ಪತ್ರವನ್ನು ಮೊದಲು ಅಕ್ಕನಿಗೇ ಕೊಡಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಅವಳೇ ಚಹಾ ಹಿಡಿದು ಬಂದಳು. "ನೀ ಬಾಜೂಕ ಅದಿ ಅಂತ ಜೀವ ಹಿಡಕೊಂಡೇನೊ ತಮ್ಮಾ" ಅಂದಳು. ಬರೆದದ್ದನ್ನು ಮಡಚಿ ಕಿಸೆಗೆ ತುರುಕಿ ಚಹಾ ಕುಡಿದೆ. ಅವಳು ಹೋದ ಮೇಲೆ ಈ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ಇದನ್ನು ಅವಳಿಗೆ ಕೊಡಲಾರೆ, ನಿನಗೂ ಕೊಡಲಾರೆ.

ಗಾಯವಾದರೂ ಬೇಗ ಮಾಯಲಿ, ಮಗಾ.

ನೀನು ಕಾಪಾಡಿದ ನಿನ್ನ ಮಾಮಾ,
ಗುರುಪಾದ